ಕಲ್ಲು ಬಿದ್ದ ಮೇಲೆ

ಮಾರಿಕುಪ್ಪಂ ರೈಲು ಹಳಿ ಮುಗಿಯುವ ಊರು. ಬಂಗಾರಪೇಟೆಯಲ್ಲಿ ದೊಡ್ಡ ಲೈನಿನಿಂದ ಕವಲೊಡೆದ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಬಂದು ಇಲ್ಲಿ ನಿಂತುಬಿಡುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಸಾವಿರಾರು ಜನಕ್ಕೆ ಈ ರೈಲೇ ಗಣಿಯಾಯಿತು. ಕತ್ತಲಿರುವಾಗಲೇ ಹತ್ತುವುದು, ಕತ್ತಲಾದ ಮೇಲೆ ಇಳಿಯುವುದು. ಅಪ್ಪಂದಿರು ಭೂಮಿಯೊಳಗೆ ಇಳಿದು ಸೂರ್ಯನನ್ನು ಕಾಣದೆ ದುಡಿದರೆ, ಮಕ್ಕಳು ರೈಲಿನಲ್ಲಿ ಕೂತು ಸೂರ್ಯನನ್ನು ಕಾಣದೆ ಮನೆಗೆ ಬಂದರು. ನಾನೂ ಆ ಗುಂಪಿನಲ್ಲಿ ಒಬ್ಬ. ಬೆಂಗಳೂರಿನ ನೃಪತುಂಗ ರಸ್ತೆಯ ಆಸುಪಾಸಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಹದಿನೆಂಟು ವರ್ಷ ಓಡಾಡಿದೆ.

ನಮ್ಮಪ್ಪ ಗಣಿಯ ಟೈಮ್ ಆಫೀಸಿನಲ್ಲಿದ್ದವರು. ಆ ರಸ್ತೆಯ ಹೆಸರು ಬದಲಾಗಿ ಎಷ್ಟೋ ವರ್ಷಗಳಾಗಿದ್ದರೂ ಅವರು ಕೊನೆಯವರೆಗೂ 'ಸೆನೊಟಾಫ್ ರೋಡು' ಎಂದೇ ಅನ್ನುತ್ತಿದ್ದರು. ಚಿಕ್ಕವನಿದ್ದಾಗ ನನ್ನ ಕಿವಿಗೆ ಅದು 'ಶಾಫ್ಟ್ ರೋಡು' ಎಂದು ಕೇಳಿಸುತ್ತಿತ್ತು. ಗಿಫರ್ಡ್ಸ್ ಶಾಫ್ಟ್, ಗ್ಲೆನ್ ಶಾಫ್ಟ್ ಎಂದು ಕೇಳಿಯೇ ಬೆಳೆದ ಹುಡುಗನಿಗೆ ಬೆಂಗಳೂರಿನಲ್ಲೂ ಒಂದು ಶಾಫ್ಟು ಇದ್ದರೆ ಆಶ್ಚರ್ಯವೇನು? ಆ ರಸ್ತೆಯ ಕೆಳಗೆ ಚಿನ್ನವಿದೆ, ಅದನ್ನು ನಮ್ಮವರಿಗೆ ಕಾಣದಂತೆ ತೆಗೆಯುತ್ತಿದ್ದಾರೆ ಎಂದು ಬಹಳ ಕಾಲ ನಂಬಿದ್ದೆ. ಅದು ಶಾಫ್ಟಲ್ಲ, ಸತ್ತವರ ನೆನಪಿನ ಕಂಬ, ಆ ಕಂಬವೂ ಈಗ ಇಲ್ಲ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ತಿಳಿದಾಗ ನನಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಈಗ ವಿಮರ್ಶೆ ಮಾಡಬೇಕೆನ್ನಿಸಿ ಈ ಬರಹ.

*

ಕಂಬದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲೀಸ್ ತಾನೇ ಮುಂದಾಗಿ ನಿಂತು ಟಿಪ್ಪೂ ಸುಲ್ತಾನನ ಮೇಲೆ ದಂಡೆತ್ತಿ ಬಂದ. ಅವನ ಸೈನ್ಯ ಮುಗಳಿ ಘಾಟಿ ಹತ್ತಿ, ನಮ್ಮ ಕೋಲಾರವನ್ನೂ ಹೊಸಕೋಟೆಯನ್ನೂ ಹಿಡಿದು ಬೆಂಗಳೂರಿನ ಮುಂದೆ ಬಂದು ನಿಂತಿತು. ಮಾರ್ಚ್ 7ರಂದು ಪೇಟೆ ಬಿತ್ತು. ಪೇಟೆಯ ಬಾಗಿಲಲ್ಲಿ ನಡೆದ ಕಾದಾಟದಲ್ಲಿ ಮೂರ್‌ಹೌಸ್ ಎಂಬ ಕಂಪನಿಯ ದೊಡ್ಡ ಅಧಿಕಾರಿ ಸತ್ತ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್ ವಯಸ್ಸಾದವನು. ಗೋಡೆ ಒಡೆದ ಕಡೆಯಲ್ಲೇ ನಿಂತು ಕಾದಾಡಿ ಸತ್ತ. ಶತ್ರುಗಳೇ ಅವನ ಶೌರ್ಯವನ್ನು ಹೊಗಳಿ ಬರೆದಿದ್ದಾರೆ.

ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೇನೆಯವರ ನೆನಪಿಗಾಗಿ ನಿಂತದ್ದು ಈ ಕಂಬ. ಸುಮಾರು ಮೂವತ್ತೈದು ಅಡಿ ಎತ್ತರವಿತ್ತು. ಹಳೆಯ ಹಲಸೂರು ಬಾಗಿಲಿಗೆ ಹತ್ತಿರ, ಇವತ್ತಿನ ಹಡ್ಸನ್ ವೃತ್ತದ ಬಳಿ, ರಸ್ತೆಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಹಾಗಿತ್ತು. ಹೆಣವಿಲ್ಲದ ಗೋರಿಗೆ ಇಂಗ್ಲಿಷಿನಲ್ಲಿ ಸೆನೊಟಾಫ್ ಎನ್ನುತ್ತಾರೆ. ರಸ್ತೆಗೂ ಆ ಹೆಸರೇ ಆಯಿತು.

ಇದನ್ನು ಕಲೆಯೆಂದು ಹೊಗಳಲು ನನಗೆ ಕಾರಣವಿಲ್ಲ. ಗೆದ್ದವರು ಸೋತವರ ಊರಿನ ಬಾಗಿಲಲ್ಲಿ ನೆಟ್ಟ ಕಲ್ಲು ಅದು. ಊರಿನವರು ದಿನವೂ ಅದರ ಕೆಳಗೆ ತಲೆ ತಗ್ಗಿಸಿಕೊಂಡು ಹೋಗಲಿ ಎಂಬ ಉದ್ದೇಶ ಅದರಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಕಂಪನಿಯ ಸೈನ್ಯದಲ್ಲಿ ಬಹಳ ಮಂದಿ ಮದ್ರಾಸ್ ಕಡೆಯ ಸಿಪಾಯಿಗಳು, ತಮಿಳು ತೆಲುಗು ಆಡುವ ಬಡವರು. ಹೊಟ್ಟೆಪಾಡಿಗೆ ಬಂದೂಕು ಹಿಡಿದು ಸತ್ತವರು. ಆ ಕಾಲದ ಬ್ರಿಟಿಷ್ ಸ್ಮಾರಕಗಳಲ್ಲಿ ಅಧಿಕಾರಿಗಳಿಗೆ ಹೆಸರಿರುತ್ತದೆ. ಕರಿಯ ಸಿಪಾಯಿಗಳು ಇದ್ದರೆ ಬಹಳ ಮಟ್ಟಿಗೆ ಎಣಿಕೆಯಾಗಿ ಇರುತ್ತಾರೆ, ಇಲ್ಲದಿದ್ದರೆ ಅದೂ ಇಲ್ಲ. ಎದುರು ಪಾಳೆಯದಲ್ಲಿ ಸತ್ತ ಮೈಸೂರಿನವರಿಗಂತೂ ಅಂಥ ಕಲ್ಲಿನಲ್ಲಿ ಜಾಗವಿರುವ ಮಾತೇ ಇಲ್ಲ. ಒಂದು ಸ್ಮಾರಕವಾಗಿ ಅದರ ಮೊದಲ ದೋಷ ಇದೇ.

*

1964ರ ಅಕ್ಟೋಬರ್ 28ರಂದು ಅದನ್ನು ಕೆಡವಲಾಯಿತು. ಕೆಡವಿಸಿದ್ದು ನಗರಪಾಲಿಕೆ, ಒತ್ತಾಯ ತಂದದ್ದು ವಾಟಾಳ್ ನಾಗರಾಜ್ ಮುಂದಾಳಾಗಿದ್ದ ಕನ್ನಡ ಚಳವಳಿಗಾರರು.

ಆ ದಿನಗಳ ಚಳವಳಿಯನ್ನು ಹಗುರವಾಗಿ ಕಾಣುವುದು ಈಗ ಒಂದು ಫ್ಯಾಷನ್ನಾಗಿದೆ. ನಾನು ಆ ಸಾಲಿಗೆ ಸೇರುವವನಲ್ಲ. ರಾಜ್ಯ ಒಂದಾಗಿ ಎಂಟು ವರ್ಷವಾಗಿತ್ತು. ಕನ್ನಡವನ್ನು ಆಡಳಿತ ಭಾಷೆಯೆಂದು ಒಪ್ಪಿದ ಕಾನೂನು ಬಂದದ್ದು 1963ರಲ್ಲಿ. ಆದರೂ ರಾಜಧಾನಿಯ ದಂಡು ಪ್ರದೇಶದಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪವಾಗಿತ್ತು. ಸಂಗೀತದ ವೇದಿಕೆಯಲ್ಲಿ ಕನ್ನಡಿಗರಿಗೆ ಜಾಗ ಕೊಡಿ ಎಂದು ಅ.ನ.ಕೃ., ಮ. ರಾಮಮೂರ್ತಿಯಂಥವರು ಬೀದಿಗಿಳಿಯಬೇಕಾಗಿತ್ತು. ತಮ್ಮ ಊರಿನಲ್ಲೇ ತಮ್ಮನ್ನು ಯಾರೂ ಕೇಳುವುದಿಲ್ಲ ಎಂದು ಅನ್ನಿಸಿದ ಜನಕ್ಕೆ ಕಣ್ಣಿಗೆ ರಾಚುವಂತೆ ನಿಂತ ಪರದೇಶದವರ ವಿಜಯದ ಕಂಬದ ಮೇಲೆ ಸಿಟ್ಟು ಬಂದದ್ದು ಸಹಜ. ಸಿಟ್ಟಿನಲ್ಲಿ ನ್ಯಾಯವಿತ್ತು.

ನನ್ನ ಪ್ರಶ್ನೆ ಸಿಟ್ಟಿನ ಬಗ್ಗೆ ಅಲ್ಲ, ಮಾರನೆಯ ದಿನದ ಬಗ್ಗೆ. ಕಲ್ಲು ಬಿದ್ದ ಮೇಲೆ ಏನು ಮಾಡಿದೆವು?

ಮಾಡಿದ್ದು ಎರಡು. ಪಾಲಿಕೆಯ ಮುಂದೆ ಕೆಂಪೇಗೌಡರ ಪ್ರತಿಮೆ ನಿಂತಿತು, ಅದೂ 1964ರದ್ದೇ. ರಸ್ತೆಗೆ ನೃಪತುಂಗನ ಹೆಸರು ಬಂತು. ಎರಡೂ ಒಳ್ಳೆಯ ಹೆಸರುಗಳು. ಊರು ಕಟ್ಟಿದವನನ್ನೂ, ಕನ್ನಡದ ಮೊದಲ ಲಕ್ಷಣಗ್ರಂಥ ಯಾರ ಹೆಸರಿನಲ್ಲಿದೆಯೋ ಆ ದೊರೆಯನ್ನೂ ನೆನೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆ ಜಾಗದಲ್ಲಿ ಏನಿತ್ತು, ಯಾಕಿತ್ತು, ಯಾಕೆ ಕೆಡವಿದೆವು ಎಂದು ಹೇಳುವ ಒಂದು ಗೇಣು ಕಲ್ಲನ್ನೂ ನಾನು ಅಲ್ಲಿ ಓಡಾಡಿದಷ್ಟು ಕಾಲ ಕಾಣಲಿಲ್ಲ. ಗೆದ್ದವರ ಕತೆಯನ್ನು ಅಳಿಸಿದೆವು. ಸೋತವರ ಕತೆಯನ್ನು ಬರೆಯಲಿಲ್ಲ. ಬಹಾದೂರ್ ಖಾನನ ಹೆಸರು ಆ ವೃತ್ತದಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಮಾರುಕಟ್ಟೆಯ ಬಳಿಯ ಒಂದು ದರ್ಗಾ ಅವನದೆಂದು ಜನ ನಂಬಿ ನಡೆದುಕೊಳ್ಳುತ್ತಾರೆ. ಅವನ ನೆನಪು ಉಳಿದಿದ್ದರೆ ಅಂಥ ಭಕ್ತಿಯಿಂದಲೇ ಹೊರತು ನಮ್ಮ ಹೋರಾಟದಿಂದ ಅಲ್ಲ.

ಇನ್ನು ಕಂಬವನ್ನು ಕೆಡವಿದ್ದರಿಂದ ಇಂಗ್ಲಿಷರಿಗೆ ಏನು ನಷ್ಟವಾಯಿತೆಂದು ಲೆಕ್ಕ ಹಾಕಿದ್ದೇನೆ. ಏನೂ ಇಲ್ಲ. ಮೂರ್‌ಹೌಸನಿಗೆ ಮದ್ರಾಸಿನ ಸೇಂಟ್ ಮೇರೀಸ್ ಚರ್ಚಿನಲ್ಲಿ ಬೇರೆ ಸ್ಮಾರಕವಿದೆ. ಕಾರ್ನ್‌ವಾಲೀಸನ ದಂಡಿನೊಂದಿಗೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಗಾರ ಬೆಂಗಳೂರಿನ ಗೋರಿಗಳ ತೋಟವನ್ನೂ ಬಿಡದೆ ಬರೆದುಕೊಂಡು, 1794ರಲ್ಲಿ ಪುಸ್ತಕವನ್ನೇ ಹೊರತಂದ. ಆ ಗೋರಿಗಳು ಈಗ ನೆಲದ ಮೇಲೆ ಇಲ್ಲ, ಚಿತ್ರ ಉಳಿದಿದೆ. ಬರೆದಿಟ್ಟುಕೊಳ್ಳುವ ಜನಕ್ಕೆ ಒಂದು ಕಲ್ಲು ಹೋದರೆ ಹತ್ತು ಕಾಗದ ಉಳಿಯುತ್ತವೆ. ಬರೆದಿಟ್ಟುಕೊಳ್ಳದ ನಮಗೆ ಕಲ್ಲು ಹೋದರೆ ಜಗಳಕ್ಕೂ ಸಾಕ್ಷಿ ಉಳಿಯುವುದಿಲ್ಲ.

ಅದೇ ರಸ್ತೆಯಲ್ಲಿ ನಿತ್ಯ ನಡೆದಾಡಿದ ನನಗೆ ಇನ್ನೊಂದು ವಿಚಿತ್ರ ಕಂಡಿತು. ಕಂಬವನ್ನು ಕೆಡವಿದ ಆ ವೃತ್ತಕ್ಕೆ ಜನರ ಬಾಯಲ್ಲಿ ಇವತ್ತಿಗೂ ಹಡ್ಸನ್ ಎಂಬ ಪಾದ್ರಿಯ ಹೆಸರಿದೆ. ಅವರು ಕನ್ನಡ ಶಾಲೆಗಳಿಗಾಗಿ ದುಡಿದವರು. ಅಲ್ಲಿಯ ಚರ್ಚಿನಲ್ಲಿ ಕನ್ನಡದಲ್ಲೇ ಪ್ರಾರ್ಥನೆ ನಡೆಯುತ್ತದೆ. ಸ್ವಲ್ಪ ಮುಂದೆ ಹೋದರೆ ಮಿಥಿಕ್ ಸೊಸೈಟಿ, 1909ರಲ್ಲಿ ಹುಟ್ಟಿದ ಸಂಸ್ಥೆ. ಅದರ ಕಟ್ಟಡಕ್ಕೆ ಬ್ರಿಟಿಷ್ ರೆಸಿಡೆಂಟ್ ಡಾಲಿಯ ಹೆಸರು. ಈಚಿನ ವರ್ಷಗಳಲ್ಲಿ ಅಲ್ಲಿಯವರು ಬೆಂಗಳೂರಿನ ಸುತ್ತಮುತ್ತ ಚರಂಡಿಯಲ್ಲೂ ಹೊಲದ ಬದುವಿನಲ್ಲೂ ಬಿದ್ದಿರುವ ಶಾಸನದ ಕಲ್ಲುಗಳನ್ನು ಹುಡುಕಿ, ಅಕ್ಷರ ಅಕ್ಷರವನ್ನೂ ಯಂತ್ರದಲ್ಲಿ ಅಳೆದು ಇಡುತ್ತಿದ್ದಾರೆ. ಒಂದೇ ರಸ್ತೆಯ ಒಂದು ತುದಿಯಲ್ಲಿ ಕಲ್ಲು ಒಡೆದವರು, ನಡುವಿನಲ್ಲಿ ಕಲ್ಲು ಆಯುವವರು. ಇಬ್ಬರೂ ಕನ್ನಡದ ಕೆಲಸವೆಂದೇ ಮಾಡಿದ್ದು. ಯಾವುದು ಹೆಚ್ಚು ಕಾಲ ಬಾಳುವ ಕೆಲಸ ಎಂದು ಓದುಗರೇ ತೀರ್ಮಾನಿಸಬಹುದು.

ನೃಪತುಂಗನ ಹೆಸರಿನ ವಿಷಯವಾಗಿ ಒಂದು ಮಾತು. ಕವಿರಾಜಮಾರ್ಗದಲ್ಲಿ ಬಂಗಾರಕ್ಕೆ ಕೊಟ್ಟಿರುವ ಅರ್ಥವನ್ನು ಕನ್ನಡ ಮೇಷ್ಟ್ರುಗಳೆಲ್ಲ ಪಾಠ ಹೇಳುತ್ತಾರೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ತಾಳಿಕೊಳ್ಳಬಲ್ಲ ಗುಣವೇ ನಿಜವಾದ ಬಂಗಾರ ಎಂಬುದು ಅದರ ತಾತ್ಪರ್ಯ. ಬಂಗಾರದ ಊರಿನವನಾದ ನನಗೆ ಈ ಮಾತು ಎಲ್ಲರಿಗಿಂತ ಹೆಚ್ಚು ತಾಕಬೇಕಿತ್ತು. ಪರರ ಕಲ್ಲೊಂದನ್ನು ತಾಳಲಾರದೆ ಕೆಡವಿ, ಆ ರಸ್ತೆಗೆ ಈ ಮಾತು ಆಡಿದ ಪುಸ್ತಕದ ದೊರೆಯ ಹೆಸರನ್ನು ಇಟ್ಟೆವಲ್ಲ ಎಂದು ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

*

ಯುದ್ಧದಲ್ಲಿ ಸತ್ತವನಿಗೆ ದಾರಿಯ ಬದಿ ಕಲ್ಲು ನೆಡುವುದನ್ನು ನಾವು ಇಂಗ್ಲಿಷರಿಂದ ಕಲಿಯಬೇಕಾಗಿರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಯಾವ ಹಳ್ಳಿಗೆ ಹೋದರೂ ಕೆರೆ ಏರಿಯ ಮೇಲೋ ಹುಣಸೆ ಮರದ ಕೆಳಗೋ ಒಂದು ವೀರಗಲ್ಲು ಸಿಗುತ್ತದೆ. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು, ಊರಿನ ಗಡಿ ಕಾಯುತ್ತಾ ಸತ್ತವನು, ಯಜಮಾನನ ಮಾತಿಗೆ ಕಟ್ಟುಬಿದ್ದು ಸತ್ತವನು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ.

'ಬೆಂಗಳೂರು' ಎಂಬ ಹೆಸರು ನಮಗೆ ಮೊದಲು ಸಿಗುವುದೇ ಅಂಥದೊಂದು ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಅದು; ಸುಮಾರು ಕ್ರಿ.ಶ. 890ರದ್ದು. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತ ಎಂದು ಅದರಲ್ಲಿದೆ. ಅವನು ಯಾರ ಪರವಾಗಿ ಕಾದಿದ? ಅವನ ಕೈಯಲ್ಲಿ ಸತ್ತವರು ಯಾರು? ಆ ಕಾಳಗದಲ್ಲಿ ನ್ಯಾಯ ಯಾರ ಕಡೆಗಿತ್ತು? ಇವತ್ತು ಯಾರೂ ಕೇಳುವುದಿಲ್ಲ. ಬುಟ್ಟಣಸೆಟ್ಟಿಯ ಶತ್ರುಗಳ ಮೊಮ್ಮಕ್ಕಳು ಆ ಕಲ್ಲನ್ನು ಕಂಡು ಹಲ್ಲು ಕಡಿದಿರಲೂಬಹುದು. ಒಡೆದು ಹಾಕಲಿಲ್ಲ. ಒಡೆದಿದ್ದರೆ ರಾಜಧಾನಿಯ ಹೆಸರು ಸಾವಿರದ ನೂರು ವರ್ಷ ಹಳೆಯದು ಎಂದು ನಾವು ಎದೆ ತಟ್ಟಿ ಹೇಳುವ ಆಧಾರವೇ ಇರುತ್ತಿರಲಿಲ್ಲ.

ಸಿಟ್ಟು ಇಂಗುವುದಕ್ಕೆ ಕಾಲ ಬೇಕು. ಸೆನೊಟಾಫಿಗೆ ನಾವು ಆ ಕಾಲವನ್ನು ಕೊಡಲಿಲ್ಲ ಎಂಬುದು ನನ್ನ ಮೊದಲ ದೂರು.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಸಾಕ್ಷಿ ಅಲ್ಲೇ ಹತ್ತಿರದಲ್ಲಿದೆ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ತುಂಡಿನಲ್ಲಿ ಒಂದು ಅಮೃತಶಿಲೆಯ ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದ್ದು ಇಲ್ಲಿಂದಲೇ ಎಂದು ಅದು ಹೇಳುತ್ತದೆ. ಅದೇ ಯುದ್ಧ, ಅದೇ ಗೆಲುವು, ಅದೇ ಜಂಬ. ಅದನ್ನು ಯಾರೂ ಕೆಡವಲಿಲ್ಲ. ಶಾಲೆಯ ಮಕ್ಕಳನ್ನು ಕರೆತಂದ ಮೇಷ್ಟ್ರು ಆ ಫಲಕದ ಮುಂದೆ ನಿಂತು ಬಹಾದೂರ್ ಖಾನನ ಕತೆ ಹೇಳುತ್ತಿದ್ದುದನ್ನು ನಾನೇ ಒಮ್ಮೆ ಕೇಳಿದ್ದೇನೆ. ಗೆದ್ದವನು ಬರೆಸಿದ ಕಲ್ಲನ್ನು ಸೋತವನ ಕತೆ ಹೇಳುವುದಕ್ಕೂ ಬಳಸಬಹುದು. ಕಲ್ಲು ಇರಬೇಕು ಅಷ್ಟೆ.

*

ಎಲ್ಲ ಸ್ಮಾರಕಗಳ ಗತಿಯೂ ಒಂದೇ ಅಲ್ಲ. ಬೆಳಗಾವಿಯ ಹತ್ತಿರದ ಯಳ್ಳೂರಿನಲ್ಲಿ 'ಮಹಾರಾಷ್ಟ್ರ ರಾಜ್ಯ' ಎಂದು ಬರೆದ ಒಂದು ಫಲಕ ರಸ್ತೆಯ ಬದಿ ದಶಕಗಳ ಕಾಲ ನಿಂತಿತ್ತು. 2014ರ ಜುಲೈನಲ್ಲಿ ಹೈಕೋರ್ಟಿನ ಆದೇಶದಂತೆ ಅಧಿಕಾರಿಗಳು ಅದನ್ನು ತೆಗೆಸಿದರು. ಊರಿನವರು ಮತ್ತೆ ಕಟ್ಟಿದರು. ಪೊಲೀಸರು ಮತ್ತೆ ಕೆಡವಿದರು, ಲಾಠಿ ಬೀಸಿದರು. ಒಂದು ಬೋರ್ಡು ಹೋಗಿ ಬೇರೆ ಹಳ್ಳಿಗಳಲ್ಲೂ ಅಂಥವೇ ಬೋರ್ಡುಗಳು ಎದ್ದವು. ಕರ್ನಾಟಕದ ನೆಲದಲ್ಲಿ ಆ ಬೋರ್ಡು ಸುಳ್ಳು ಹೇಳುತ್ತಿತ್ತು, ತೆಗೆಸಿದ್ದು ಕಾನೂನಿಗೆ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಅಳುವವರು ಬದುಕಿದ್ದರು, ಆದ್ದರಿಂದ ಕೆಡವಿದಷ್ಟೂ ಅದು ಎದ್ದಿತು. ಸೆನೊಟಾಫಿಗೆ ಅಳುವವರು ಯಾರೂ ಬದುಕಿರಲಿಲ್ಲ, ಆದ್ದರಿಂದ ಅದು ಬಿದ್ದದ್ದು ಬಿದ್ದೇ ಹೋಯಿತು. ಕಲ್ಲು ಬಿದ್ದ ಮೇಲೆ ಏನಾಗುತ್ತದೆ ಎಂಬುದು ಕೆಡವಿದವರ ಕೈಯಲ್ಲಿ ಇಲ್ಲ, ಉಳಿದವರ ಕೈಯಲ್ಲಿದೆ.

ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಯದು ಇನ್ನೊಂದು ಬಗೆ. ನಮ್ಮ ಕೆ.ಜಿ.ಎಫ್.ನಲ್ಲಿ ಅದರ ಮಾತು ಬಾರದ ಟೀ ಅಂಗಡಿ ಇರಲಿಲ್ಲ. 1991ರಲ್ಲಿ ತಂದು ನಿಲ್ಲಿಸಿದ ಮೂರ್ತಿ ಹದಿನೆಂಟು ವರ್ಷ ಮುಸುಕು ಹಾಕಿಕೊಂಡೇ ನಿಂತಿತು. ಅದೇ 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾಗಿ ಬೆಂಗಳೂರಿನಿಂದ ನೆಂಟರಿಷ್ಟರು ಗಂಟುಮೂಟೆ ಕಟ್ಟಿಕೊಂಡು ನಮ್ಮ ಲೈನು ಮನೆಗಳಿಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಕಡೆಗೆ 2009ರ ಆಗಸ್ಟ್ 9ರಂದು ಮುಸುಕು ತೆಗೆದರು. ನಾಲ್ಕು ದಿನ ಬಿಟ್ಟು ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಮೂರ್ತಿ ಅನಾವರಣವಾಯಿತು. ಅದರಲ್ಲಿ ರಾಜಕೀಯ ಇರಲಿಲ್ಲವೆಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೂ ಹದಿನೆಂಟು ವರ್ಷ ಕಾದು ಮುಸುಕು ತೆಗೆಯಲು ಬಂತು. ಒಡೆದಿದ್ದರೆ ತೆಗೆಯಲು ಮುಸುಕೂ ಇರುತ್ತಿರಲಿಲ್ಲ. 2020ರಲ್ಲಿ ಹೈಕೋರ್ಟಿನ ಆವರಣದಲ್ಲಿದ್ದ ಕಬ್ಬನ್ನನ ಪ್ರತಿಮೆಯನ್ನು ಒಡೆಯದೆ ಎತ್ತಿ ಕಬ್ಬನ್ ಉದ್ಯಾನದೊಳಗೆ ಇಟ್ಟರು. ಬೇಡವಾದದ್ದನ್ನು ಪಕ್ಕಕ್ಕೆ ಸರಿಸಿ ಇಡುವುದೂ ಒಂದು ದಾರಿಯೇ ಎಂದು ತಿಳಿಯುವುದಕ್ಕೆ ನಮಗೆ ಇಷ್ಟು ವರ್ಷ ಬೇಕಾಯಿತು.

*

ಬೆಂಗಳೂರಿನ ಒಂದು ಕಂಬಕ್ಕೂ ಮಾರಿಕುಪ್ಪಂಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಬಹಳ ಇದೆ. 1791ರ ಯುದ್ಧ, 1799ರ ಶ್ರೀರಂಗಪಟ್ಟಣ. ಅದಾದ ಮೇಲೆ ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದ ಅದೇ ಬ್ರಿಟಿಷ್ ದಂಡಿನ ಲೆಫ್ಟಿನೆಂಟ್ ವಾರನ್. 1802ರಲ್ಲಿ ಅವನು ಊರಿಗಾಂ, ಮಾರಿಕುಪ್ಪಂಗಳಲ್ಲಿ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ಆ ವರದಿಯನ್ನು ಓದಿಕೊಂಡು ಎಪ್ಪತ್ತು ವರ್ಷಗಳ ಮೇಲೆ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಎತ್ತಿನ ಗಾಡಿಯಲ್ಲಿ ಬಂದ. ಅವನ ಹಿಂದೆ ಜಾನ್ ಟೇಲರ್ ಕಂಪನಿ ಬಂತು. ಅದರ ಹಿಂದೆ ಆರ್ಕಾಟಿನ ಕಡೆಯಿಂದ ಕೂಲಿಗಳು ಬಂದರು. ಕಂಪನಿಯ ದಂಡಿನಲ್ಲಿ ಬಂದೂಕು ಹೊತ್ತವರದೂ ನಮ್ಮ ಗಣಿಯಲ್ಲಿ ಪಿಕಾಸಿ ಹಿಡಿದವರದೂ ಒಂದೇ ಸೀಮೆ. ಕಂಬದ ಮೇಲೆ ಹೆಸರಿಲ್ಲದವರ ನೆಂಟರೇ ನನ್ನ ನೆರೆಹೊರೆ.

ನಮ್ಮಲ್ಲೂ ಹೆಸರುಗಳು ಬದಲಾದವು. ಬೌರಿಂಗ್‌ಪೇಟೆ ಬಂಗಾರಪೇಟೆಯಾಯಿತು, ಯಾರಿಗೂ ನೋವಾಗಲಿಲ್ಲ, ಕಿವಿಗೂ ಚೆನ್ನಾಗಿದೆ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಹಾಗೆಯೇ ಇವೆ. ಅದಕ್ಕೂ ಯಾರ ತಕರಾರಿಲ್ಲ. ಹೆಸರು ಉಳಿಯುವುದೂ ಅಳಿಯುವುದೂ ದೊಡ್ಡ ವಿಷಯವಲ್ಲ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ.

ಹಾಗೆ ಅಂದುಕೊಳ್ಳುವುದಕ್ಕೆ ನನಗೆ ಒಂದು ಕಾರಣವಿತ್ತು. ಅದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

1982. ಗೋಕಾಕ್ ಚಳವಳಿಯ ಬಿಸಿ ನಮ್ಮ ಕಡೆಗೂ ಬಂದಿತ್ತು. ಗಣಿಯ ಊರಿನಲ್ಲಿ ಕನ್ನಡದ ಹುಡುಗರು ಬೆರಳೆಣಿಕೆಯಷ್ಟು. ಹಾಗಾಗಿ ನಮ್ಮ ಆವೇಶ ದುಪ್ಪಟ್ಟು. ಒಂದು ರಾತ್ರಿ ನಾಲ್ಕು ಜನ ಡಾಂಬರಿನ ಡಬ್ಬ ಹಿಡಿದು ಹೊರಟೆವು. ಅಂಗಡಿಗಳ ಬೋರ್ಡು ನಾಲ್ಕೈದು ಆದವು. ಲೈನಿನ ತಿರುವಿನಲ್ಲಿ ದಾರಿಯ ಬದಿ ಕಬ್ಬಿಣದ ಕಂಬಕ್ಕೆ ಹೊಡೆದ ಒಂದು ತಗಡಿನ ಫಲಕವಿತ್ತು, ತಮಿಳಿನಲ್ಲಿ ಏನೋ ಉದ್ದಕ್ಕೆ ಬರೆದಿತ್ತು. ಯಾವುದೋ ಪಕ್ಷದ್ದೋ ಸಂಘದ್ದೋ ಇರಬೇಕೆಂದುಕೊಂಡೆವು. ತಮಿಳನ್ನು ನಾನು ಕನ್ನಡದಷ್ಟೇ ಸಲೀಸಾಗಿ ಮಾತಾಡಬಲ್ಲೆ, ಓದಲು ಬಾರದು. ಮೇಲಿನಿಂದ ಕೆಳಗಿನವರೆಗೆ ಬಳಿದವನು ನಾನೇ.

ಬೆಳಿಗ್ಗೆ ಅಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ನಮ್ಮ ಮನೆಯ ಹಿಂದಿನ ಲೈನಿನ ಅಕ್ಕ ಒಬ್ಬರು ಸೀಮೆಎಣ್ಣೆ ಬಾಟಲು, ಹಳೆಯ ಬಟ್ಟೆ ತಂದು ಫಲಕ ಉಜ್ಜುತ್ತಿದ್ದರು. ನನ್ನನ್ನು ಕಂಡು, "ವಾ ತಂಬಿ, ಈ ಬಾಟಲು ಸ್ವಲ್ಪ ಹಿಡಿದುಕೊ" ಅಂದರು. ಹಿಡಿದುಕೊಂಡೆ.

"ಏನಕ್ಕಾ ಇದು?" ಎಂದು ಕೇಳಿದೆ.

"ನಮ್ಮ ಲೈನಿನಿಂದ ಗಣಿಗೆ ಹೋಗಿ ವಾಪಸ್ಸು ಬರದವರ ಹೆಸರಪ್ಪಾ. ಚಂದಾ ಎತ್ತಿ ಬರೆಸಿದ್ದು. ಮೂರನೇ ಸಾಲು ಅವರದು."

ಅವರಿಗೂ ಓದಲು ಬರುತ್ತಿರಲಿಲ್ಲ. ಮೂರನೇ ಸಾಲು ಎಂಬುದಷ್ಟೇ ಗೊತ್ತು. ಎಷ್ಟು ಉಜ್ಜಿದರೂ ಡಾಂಬರಿನ ಜೊತೆಗೆ ಕೆಳಗಿನ ಬಣ್ಣವೂ ಎದ್ದು ಬಂತು. ಮಧ್ಯಾಹ್ನದ ಹೊತ್ತಿಗೆ ಬರೀ ತಗಡು ಉಳಿಯಿತು. ಅಕ್ಕ ಬೈಯಲಿಲ್ಲ. ಮೂರನೇ ಸಾಲು ಇದ್ದ ಎತ್ತರಕ್ಕೆ ಕೈಯಿಟ್ಟು ಒಂದು ಗಳಿಗೆ ನಿಂತರು. ಆಮೇಲೆ ನನ್ನ ಕೈಯಿಂದ ಬಾಟಲು ತೆಗೆದುಕೊಂಡು, "ಪೋ ತಂಬಿ, ಕಾಲೇಜಿಗೆ ಹೊತ್ತಾಯಿತು" ಅಂದರು.

ಮಾಡಿದ್ದು ನಾನೆಂದು ಅವರಿಗೆ ಹೇಳಲಿಲ್ಲ. ಮತ್ತೆ ಬರೆಸುವ ಮಾತು ಆಡಿದವರು ಇದ್ದರು, ಆಗಲಿಲ್ಲ. ಗಣಿ ಮುಚ್ಚಿದ ಮೇಲೆ ಅವರ ಮನೆಯವರು ಊರು ಬಿಟ್ಟರು. ತಗಡು ಹಳೆ ಸಾಮಾನಿನವನ ಗಾಡಿಗೆ ಹೋಯಿತು.

ಸೆನೊಟಾಫ್ ಬಿದ್ದದ್ದನ್ನು ಕಾಲೇಜಿನಲ್ಲಿ ಕೇಳಿ ಸಂತೋಷಪಟ್ಟೆ ಎಂದೆನಲ್ಲ, ಅದಾದ ಕೆಲವೇ ತಿಂಗಳಿಗೆ ನಡೆದದ್ದು ಇದು. ದೊರೆಗಳ ಕಂಬವನ್ನು ಕೆಡವುವುದಕ್ಕೂ ಕೂಲಿಗಳ ಫಲಕಕ್ಕೆ ಮಸಿ ಬಳಿಯುವುದಕ್ಕೂ ವ್ಯತ್ಯಾಸ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಇದೆ. ಬಹಳ ಇದೆ. ಆದರೆ ಎರಡರಲ್ಲೂ ಕೈ ಎತ್ತಿದವರು ಬರಹವನ್ನು ಓದುವ ಮೊದಲೇ ಕೈ ಎತ್ತಿದ್ದೆವು. ಕಂಬದ ಮೇಲೆ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂದು ಕನ್ನಡದಲ್ಲಿ ಬರೆದು ಅದರ ಬುಡದಲ್ಲೇ ನೆಟ್ಟಿದ್ದರೆ, ಅದಕ್ಕಿಂತ ದೊಡ್ಡ ಸೋಲು ಆ ಕಂಬಕ್ಕೆ ಇರುತ್ತಿರಲಿಲ್ಲ. ಕೆಡವುವುದು ಸುಲಭದ ಕೆಲಸ, ಒಂದು ದಿನದ್ದು. ಓದಿ ಉತ್ತರ ಬರೆಯುವ ಕೆಲಸವನ್ನು ನಾವು ಮಾಡಲಿಲ್ಲ. ಇದು ನನ್ನ ಎರಡನೆಯ ದೂರು. ಇದರಲ್ಲಿ ಮೊದಲ ಆರೋಪಿ ನಾನು.

*

ಈಗ ನಮ್ಮ ಊರಿನಲ್ಲಿ ಇನ್ನೊಂದು ಕಾಲ ಬರುತ್ತಿದೆ. ಇಲ್ಲಿಗೆ ಬಂದವರೆಲ್ಲ ಮೊದಲು ನೋಡುವುದು ಸೈನೈಡ್ ಗುಡ್ಡಗಳನ್ನು. ನೂರಿಪ್ಪತ್ತು ವರ್ಷ ಭೂಮಿಯ ಒಳಗಿನಿಂದ ಕಲ್ಲು ತಂದು, ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಸುರಿದ ರಾಶಿ. ಗಾಳಿ ಬೀಸಿದರೆ ಮನೆ, ಬಟ್ಟೆ, ಊಟದ ತಟ್ಟೆಯೆಲ್ಲ ಬೂದು ಬಣ್ಣ. ಯಾರಿಗೂ ಆ ಗುಡ್ಡಗಳ ಮೇಲೆ ಪ್ರೀತಿಯಿಲ್ಲ. 2024ರ ಜೂನ್‌ನಲ್ಲಿ ಅಂಥ ಹದಿಮೂರು ಗುಡ್ಡಗಳ ಮಣ್ಣನ್ನು ಮತ್ತೆ ಸೋಸಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗುತ್ತದೆಂದು ಹುಡುಗರು ಆಸೆ ಇಟ್ಟುಕೊಂಡಿದ್ದಾರೆ. ಸಿಗಲಿ. ಧೂಳು ಹೋಗಲಿ. ಗುಡ್ಡ ಉಳಿಸಿ ಎಂದು ನಾನು ಹೇಳುವುದಿಲ್ಲ.

ಆದರೆ ಆ ಗುಡ್ಡಗಳ ಒಂದೊಂದು ಹಿಡಿ ಮಣ್ಣನ್ನೂ ಮೇಲೆ ತಂದದ್ದು ಮನುಷ್ಯರು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫಿನಲ್ಲಿ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಎದೆ ಗಟ್ಟಿಯಾಗಿ ಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತವರು. 1946ರ ನವೆಂಬರ್ 4ರ ಗೋಲಿಬಾರಿನಲ್ಲಿ ಬಿದ್ದ ಕಾರ್ಮಿಕರನ್ನು ಸಂಘಗಳು ನೆನೆಯುತ್ತವೆ. ಉಳಿದವರಿಗೆ ಗುಡ್ಡವೇ ಗೋರಿ, ಹೆಣವಿಲ್ಲದ ಗೋರಿ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಮೇಲೆ ಹೇಳಿದ್ದೇನೆ. ಅಪ್ಪನ ಬಾಯಿಂದ ಆ ಮಾತು ಕೇಳಿ ಶಾಫ್ಟು ಅಂದುಕೊಂಡ ಹುಡುಗ ಅಷ್ಟೇನೂ ತಪ್ಪು ಕೇಳಿಸಿಕೊಂಡಿರಲಿಲ್ಲ.

ಗುಡ್ಡ ಕರಗುವ ಮೊದಲು ಪಟ್ಟಿ ಮಾಡಬೇಕು. ಕಂಪನಿಯ ಹಳೆಯ ಕಡತಗಳಲ್ಲಿ ಇರುವಷ್ಟು, ಲೈನುಗಳಲ್ಲಿ ಉಳಿದ ಮುದುಕಿಯರ ಬಾಯಲ್ಲಿ ಇರುವಷ್ಟು. ಕನ್ನಡದಲ್ಲೂ ಬರೆಯಬೇಕು, ತಮಿಳಿನಲ್ಲೂ ತೆಲುಗಿನಲ್ಲೂ ಬರೆಯಬೇಕು. ನಾನು ನನ್ನ ಬೀದಿಯಿಂದ ಶುರು ಮಾಡಿದ್ದೇನೆ. ನೋಟುಬುಕ್ಕಿನ ಮೊದಲ ಪುಟದಲ್ಲಿ ಮೊದಲ ಎರಡು ಸಾಲು ಖಾಲಿ ಬಿಟ್ಟು, ಮೂರನೇ ಸಾಲಿನಲ್ಲಿ ಆ ಅಕ್ಕನ ಗಂಡನ ಹೆಸರು ಬರೆದಿದ್ದೇನೆ. ಹೆಸರು ಸರಿಯಾಗಿ ಕೇಳಿಕೊಳ್ಳಲು ತಿರುಪತ್ತೂರಿನವರೆಗೆ ಹೋಗಿ ಬರಬೇಕಾಯಿತು. ಮೇಲಿನ ಎರಡು ಸಾಲು ಯಾರದೆಂದು ಇನ್ನೂ ಸಿಕ್ಕಿಲ್ಲ, ಕೇಳುತ್ತಿದ್ದೇನೆ.